ಸಜ್ಜೆ ರೊಟ್ಟಿಯ ಚೂರು, ದೇವಮ್ಮನ ಅಂಗುಳು

ಹೈದರಾಬಾದ್ ರಾಜ್ಯ ಹೋಗಿ ನಾವೆಲ್ಲ ಮೈಸೂರು ರಾಜ್ಯದವರಾದ ಚಳಿಗಾಲದ ಮಾತಿದು. ಶಹಾಪುರದ ಕಚೇರಿಯಲ್ಲಿ ಉರ್ದು ಗುಮಾಸ್ತನಾಗಿದ್ದ ನಾನು ಕನ್ನಡದಲ್ಲಿ ಕಡತ ಬರೆಯಲು ಕಲಿಯುತ್ತಿದ್ದೆ. ನಾಡು ಕೂಡಿತೆಂದು ಕಚೇರಿಯಲ್ಲಿ ಪೇಡೆ ಹಂಚಿದರು. ನನ್ನ ತಂಗಿಯ ಮಗಳ ಅಂಗುಳು ಮಾತ್ರ ಕೂಡಿರಲಿಲ್ಲ.

ತಂಗಿ ನಿಂಗಮ್ಮನನ್ನು ಬಳಿಚಕ್ರದಲ್ಲಿ ಕುರಿ ಸಾಕುವ ಮನೆಗೆ ಕೊಟ್ಟಿದ್ದೆವು. ಮಗಳು ದೇವಮ್ಮ ಹುಟ್ಟುವಾಗಲೇ ಅಂಗುಳು ನಡುವೆ ಸೀಳಿತ್ತು. ತುಟಿ ನೆಟ್ಟಗಿದ್ದುದರಿಂದ ನೋಡಿದವರಿಗೆ ತಿಳಿಯದು. ಆದರೆ ಕುಡಿದ ಹಾಲು ಮೂಗಿನಿಂದ ಬರುತ್ತಿತ್ತು. ಎರಡು ವರ್ಷ ತುಂಬಿದರೂ ಮಾತೆಲ್ಲ ಮೂಗಿನಲ್ಲೇ ಸೋರಿಹೋಗುತ್ತಿತ್ತು. ತಂಗಿಯ ಅತ್ತೆ ಮಾಳವ್ವ ಇದರ ವಿಚಾರಣೆ ಮುಗಿಸಿ ತೀರ್ಪನ್ನೂ ಕೊಟ್ಟಿದ್ದರು: "ಬಸರಿದ್ದಾಗ, ಗ್ರಹಣ ಹಿಡದಾಗ, ಈಳಗಿ ಮುಂದ ಕುಂತು ಬದನಿಕಾಯಿ ಹೆಚ್ಯಾಳ. ಕೂಸಿನ ಬಾಯಿ ಸೀಳ್ಯಾದ. ಇದು ನೆಟ್ಟಗಾಗಲಿಲ್ಲಂದ್ರ ನನ್ನ ಮಗಗ ಇನ್ನೊಂದು ಲಗ್ನ ಮಾಡಾಕಿನಽ." ಮೇಲ್ಮನವಿಗೆ ಅವಕಾಶವಿರಲಿಲ್ಲ.

ಎಲ್ಲರನ್ನೂ ಯಾದಗಿರಿಯಲ್ಲಿ ರೈಲು ಹತ್ತಿಸಿ ಸೊಲ್ಲಾಪುರದ ಒಂದು ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿನ ವಯಸ್ಸಾದ ಡಾಕ್ಟರಿಗೆ ಕನ್ನಡ ಬಾರದು. ನಮ್ಮವರಿಗೆ ಸಂತೆಯ ನಾಲ್ಕು ಮಾತು ಬಿಟ್ಟರೆ ಹಿಂದುಸ್ತಾನಿ ಬಾರದು. ನಡುವೆ ದುಭಾಷಿ ನಾನೇ. ಅಂಗುಳು ಹೊಲಿದರು. ಮೂರು ವಾರ ಹಾಲು, ತೆಳು ಗಂಜಿ ಬಿಟ್ಟು ಏನೂ ಕೊಡಬಾರದು. ಬಾಯಿಗೆ ಬೆರಳು ಹೋಗದಂತೆ ಎರಡೂ ಮೊಣಕೈಗೆ ಪಟ್ಟಿ ಕಟ್ಟಿರಬೇಕು ಎಂದರು. ನಾನು ಹೊಸದಾಗಿ ಕಲಿತ ಕಚೇರಿ ಕನ್ನಡದಲ್ಲಿ "ಈ ಮೂಲಕ ತಿಳಿಯಪಡಿಸುವುದೇನೆಂದರೆ" ಎಂದು ಶುರುಮಾಡಿ ಇದನ್ನೆಲ್ಲ ಬರೆದು, ಬಳಿಚಕ್ರದ ಮನೆಯ ಗೋಡೆಗೆ ಹಚ್ಚಿ, ಎದ್ದು ನಿಂತು ಓದಿದೆ. ಕುರಿಗಳೂ ಕೇಳಿರಬೇಕು.

ಹನ್ನೆರಡನೆಯ ದಿನ ಸಂಕ್ರಾಂತಿ ಬಂತು. ಹಬ್ಬದೂಟಕ್ಕೆ ಹೋದ ನಾನು ಕಟ್ಟೆಯ ಮೇಲೆ ಕುಳಿತು ಎಳ್ಳು ಹಚ್ಚಿದ ಖಡಕ್ ಸಜ್ಜೆ ರೊಟ್ಟಿ ಮುರಿಯುತ್ತಿದ್ದೆ. ದೇವಮ್ಮ ಬಂದು ಎದುರಿಗೆ ನಿಂತಳು. ಪಟ್ಟಿ ಕಟ್ಟಿದ ಕೈಗಳನ್ನು ಮಡಿಸಲಾಗದೆ ಹೊಲದ ಬೆದರುಬೊಂಬೆಯಂತೆ ಚಾಚಿದ್ದಳು. ಅಳಲೂ ಇಲ್ಲ. ರೊಟ್ಟಿಯನ್ನು ನೋಡಿದಳು, ನನ್ನನ್ನು ನೋಡಿದಳು. ಉಗುರಿನಷ್ಟು ಚೂರು ಮುರಿದು ಬಾಯಿಗಿಟ್ಟೆ. ಕುರುಕ್ ಎಂದಿತು. ಮಗು ನಕ್ಕಿತು. ಇನ್ನೊಂದು ಚೂರು ಇಟ್ಟೆ.

ಮರುದಿನ ಹಾಲು ಮತ್ತೆ ಮೂಗಿನಿಂದ ಬಂತು. ನಾಲ್ಕೇ ಹನಿ. ಮಾಳವ್ವ ಸೊಸೆಯ ಮೇಲೆ ಹರಿಹಾಯ್ದರು: "ಏನ ತಿನಿಸಿದಿ? ಹೇಳು!" ತಂಗಿ ತಲೆ ತಗ್ಗಿಸಿ ನಿಂತಳು. ಗೋಡೆಯ ಕಾಗದದ ಕರ್ತೃವಾದ ನಾನು ಗಂಟಲು ಸರಿಮಾಡಿಕೊಂಡೆ, ಅಷ್ಟೇ. ಹೀಗೆ ಎಂಟು ದಿನ ಕಳೆದೆ.

ಒಂಬತ್ತನೆಯ ದಿನ ಎಲ್ಲರೂ ಮತ್ತೆ ಸೊಲ್ಲಾಪುರಕ್ಕೆ ಹೋದಾಗ ಡಾಕ್ಟರು ಬಾಯೊಳಗೆ ಬ್ಯಾಟರಿಯ ಬೆಳಕು ಬಿಟ್ಟು ನೋಡಿದರು. ಹೊಲಿದ ಜಾಗದಲ್ಲಿ ಜೋಳದ ಕಾಳಿನಷ್ಟು ತೂತು. ಗಟ್ಟಿ ಪದಾರ್ಥ ಯಾರು ತಿನ್ನಿಸಿದರೆಂದು ಕೇಳಿದರು. ಅರ್ಥವಾದದ್ದು ನನಗೊಬ್ಬನಿಗೆ.

"ಏನಂತಾರ, ತಮ್ಮಾ?" ಎಂದರು ಮಾಳವ್ವ.

"ಯಾರು ತಿನಿಸ್ಯಾರ ಅಂತ ಕೇಳಾಕತ್ತಾರ."

"ಹೇಳು ಮತ್ತ. ಗ್ರಹಣದಾಗೂ ಈಕಿನಽ, ಈಗೂ ಈಕಿನಽ. ಒಂದೂ ಬಿಡದಂಗ ಹೇಳು."

ಒಂದೂ ಬಿಡದೆ ಹೇಳುವುದು ದುಭಾಷಿಯ ಧರ್ಮ. ತಂಗಿ ನನ್ನ ಮುಖವನ್ನೇ ನೋಡುತ್ತಿದ್ದಳು. "ಮೈನೇ ಖಿಲಾಯಾ, ಸಾಬ್" ಎಂದೆ. ಆಮೇಲೆ ಈ ಕಡೆ ತಿರುಗಿ, "ನಾನಽ ಕೊಟ್ಟೀನ್ರಿ ಅತ್ತಿ. ಸಜ್ಜಿ ರೊಟ್ಟಿ" ಎಂದೆ. ಒಂದೇ ತಪ್ಪನ್ನು ಎರಡು ಭಾಷೆಯಲ್ಲಿ ಒಪ್ಪಿಕೊಂಡದ್ದು ಜೀವನದಲ್ಲಿ ಅದೊಂದೇ ಸಲ.

ಮಾಳವ್ವ ಬಾಯಿ ತೆರೆದು ನೋಡಿದರು. "ಗ್ವಾಡಿಗಿ ಕಾಗದ ಹಚ್ಚಿದಾಂವ ನೀನಽ ಅಲ್ಲೇನೋ?"

ಗ್ರಹಣದ ಮಾತನ್ನೂ ಡಾಕ್ಟರಿಗೆ ಹೇಳಿದೆ. ಅವರು ತಮ್ಮ ಎರಡು ಅಂಗೈ ಒಂದರ ಹತ್ತಿರ ಒಂದು ತಂದು ತೋರಿಸಿದರು. ಹೊಟ್ಟೆಯಲ್ಲಿ ಮೂರನೆಯ ತಿಂಗಳ ಹೊತ್ತಿಗೆ ಅಂಗುಳಿನ ಎರಡು ಹೋಳು ಎರಡೂ ಕಡೆಯಿಂದ ಬಂದು ಕೂಡುತ್ತವೆ, ಕೆಲವೊಮ್ಮೆ ಕೂಡುವುದಿಲ್ಲ, ತಾಯಿಯ ಈಳಿಗೆ ಅಲ್ಲಿಗೆ ಮುಟ್ಟುವುದಿಲ್ಲ ಎಂದರು. ಇದನ್ನು ನಾನು ಮಾಳವ್ವನಿಗೆ ಎರಡು ಸಲ ಹೇಳಿದೆ.

ಆರು ತಿಂಗಳು ಬಿಟ್ಟು ಮತ್ತೆ ಹೊಲಿಯಬೇಕಾಯಿತು. ಹಳೆಯ ಗಾಯ ಬಿಗಿದಿದೆ, ಹಾಗೇ ಎಳೆದು ಹೊಲಿದರೆ ನಿಲ್ಲದು ಎಂದರು ಡಾಕ್ಟರು. ಹಲ್ಲಿನ ಸಾಲಿನ ಪಕ್ಕ ಎರಡೂ ಕಡೆ ಕೊಯ್ದು ಅಂಗುಳನ್ನು ಸಡಿಲಿಸಿ, ಮೂಗಿನ ಕಡೆಗೊಂದು ಬಾಯಿಯ ಕಡೆಗೊಂದು ಪದರ ಹೊಲಿದು, ತುಸು ಹಿಂದಕ್ಕೆ ಸರಿಸುತ್ತಾರಂತೆ. ಆಗ ಮಾತು ಮೂಗಿಗೆ ಹೋಗುವುದಿಲ್ಲವಂತೆ.

"ಕಂಬಳಿ ಪಟ್ಟಿ ಕೂಡಸೂದೂ ಹಂಗಽ," ಎಂದರು ಮಾಳವ್ವ. "ಜಗ್ಗಿ ಹೊಲದ್ರ ಹರಿತದ. ಸಡ್ಲ ಬಿಟ್ಟು ಹೊಲೀಬೇಕು. ಡಾಕ್ಟರಗ ಕೆಲಸ ಗೊತ್ತದ."

ಈ ಸಲ ಮೂರು ವಾರ ಕಾವಲು ಕೂತವರು ಅವರೇ. ನಾನು ಹೋದರೆ ಅಂಗಳದಲ್ಲೇ ಊಟ ಹಾಕುತ್ತಿದ್ದರು, ಅದೂ ಮೊಮ್ಮಗಳನ್ನು ಒಳಗೊಯ್ದು ಬಾಗಿಲು ಮುಚ್ಚಿದ ಮೇಲೆ. ಹೊಲಿಗೆ ನಿಂತಿತು. ವರ್ಷದೊಳಗೆ ದೇವಮ್ಮನ ಮಾತು ಬಹುಪಾಲು ತಿಳಿಯಾಯಿತು. ಇನ್ನೊಂದು ಲಗ್ನದ ಸುದ್ದಿಯನ್ನು ಯಾರೂ ಎತ್ತಲಿಲ್ಲ.

ಒಂದು ದಿನ ತಂಗಿಯ ಮುಂದೆ ಆ ರೊಟ್ಟಿಯ ಮಾತು ತೆಗೆದು, ನನ್ನಿಂದ ತಪ್ಪಾಯಿತೆಂದೆ. ಅವಳು ಕಾಳು ಹಸನು ಮಾಡುವುದನ್ನು ನಿಲ್ಲಿಸಲಿಲ್ಲ.

"ನೀ ಕೊಡೂದು ನಾ ಬಾಗಲದಾಗ ನಿಂತು ನೋಡೀನಿ, ಅಣ್ಣಾ. ಅಷ್ಟು ದಿನದ ಮ್ಯಾಲ ಕೂಸು ನಕ್ಕಿತ್ತು. ಬ್ಯಾಡ ಅನ್ನಾಕ ನನಗೂ ಬಾಯಿ ಬರಲಿಲ್ಲ. ಅದಕ್ಕ ಸಿಟ್ಟಿಲ್ಲ."

"ಮತ್ತ ಯಾತಕ್ಕದ?"

"ನೀ ಹೇಳ್ತಿ ಅಂತ ಎಂಟು ದಿನ ಕಾದೆ."

ರೊಟ್ಟಿ ಕೊಟ್ಟದ್ದಕ್ಕೆ ನನ್ನನ್ನು ನಾನೇ ಎಂದೋ ಮನ್ನಿಸಿದ್ದೇನೆ. ಆ ಎಂಟು ದಿನಗಳಿಗೆ ಇನ್ನೂ ಆಗಿಲ್ಲ.