ಮೂಕಣ್ಣನ ವಲ್ಲಿ

ಬಳ್ಳಾರಿ ಜಿಲ್ಲೆ ಇನ್ನೂ ಮದರಾಸಿಗೆ ಸೇರಿದ್ದ ಕಾಲ. ಕಂಪ್ಲಿಯ ಪೇಟೆಯಲ್ಲಿ ಬೆಲ್ಲದ ದಲ್ಲಾಳಿ ಮೂಕಣ್ಣನಷ್ಟು ಮಾತಾಡುವವರು ಇನ್ನೊಬ್ಬರಿರಲಿಲ್ಲ. ಆದರೆ ದರದ ಮಾತು ಬಂತೆಂದರೆ ಬಾಯಿ ಮುಚ್ಚಿ, ಹೆಗಲ ಮೇಲಿನ ವಲ್ಲಿಯನ್ನು ಕೈಗೆ ಹೊದಿಸಿ, ಅದರ ಕೆಳಗೆ ಸಾಹುಕಾರರ ಬೆರಳು ಹಿಡಿಯುತ್ತಿದ್ದ. ಎಷ್ಟು ಬೆರಳೋ ಅಷ್ಟು ದರ. ವಲ್ಲಿಯೊಳಗಿನ ಲೆಕ್ಕ ಹೆಂಡತಿಗೂ ಹೇಳಬಾರದು, ಕೊಟ್ಟ ಬೆರಳು ಹಿಂದಕ್ಕೆ ತಗೊಳ್ಳಬಾರದು. ದೇವರಾಣೆ ಮಾಡಿ ತಪ್ಪಿದವರು ಪೇಟೆಯಲ್ಲಿ ಬೇಕಾದಷ್ಟಿದ್ದರು. ವಲ್ಲಿಯ ಮಾತು ತಪ್ಪಿದವರಿರಲಿಲ್ಲ.

ಅವನ ಮಗಳು ಹೊಳೆಮ್ಮನಿಗೆ ಹುಟ್ಟುತ್ತಲೇ ಎರಡೂ ಪಾದ ಒಳಕ್ಕೆ ತಿರುಗಿದ್ದವು. ಎಣ್ಣೆ ತಿಕ್ಕಿದ್ದಾಯಿತು, ಹಂಪಿಯ ವಿರೂಪಾಕ್ಷನಿಗೆ ಹರಕೆ ಹೊತ್ತದ್ದಾಯಿತು. ಕೊನೆಗೆ, ಅವಳಿಗೆ ಐದು ತುಂಬಿದಾಗ, ಬಳ್ಳಾರಿಯ ಡಾಕ್ಟರೊಬ್ಬರು ಪಾದ ಹಿಡಿದು ನೋಡಿ, "ವಾರಕ್ಕೊಮ್ಮೆ ಪ್ಲಾಸ್ಟರು ಕಟ್ಟಿ ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು. ಆಮೇಲೆ ಕಬ್ಬಿಣದ ಪಟ್ಟಿಯ ಬೂಟು. ನನಗೆ ಫೀಸು ಬೇಡ. ಆದರೆ ಮಳೆಗಾಲ ಹಿಡಿಯೋದರೊಳಗೆ ಕರಕೊಂಡು ಬನ್ನಿ, ಎಲುಬು ಬಲಿತರೆ ನನ್ನ ಕೈಲಾಗೋದಿಲ್ಲ" ಎಂದರು. ಬಳ್ಳಾರಿಯಲ್ಲಿ ನಾಲ್ಕು ತಿಂಗಳ ಬಿಡಾರ, ಬೂಟು, ಹೊಸಪೇಟೆಯಿಂದ ರೈಲು ಎಲ್ಲ ಸೇರಿ ಎಂಬತ್ತು ರೂಪಾಯಿ. ಮೂಕಣ್ಣನ ಹತ್ತಿರ ಇದ್ದದ್ದು ಇಪ್ಪತ್ತು.

ಅವನು ಮಾಡಿದ ತಪ್ಪೆಂದರೆ, ಪೇಟೆಯ ನಡುವೆ ನಿಂತು ಬಾಯಿಬಿಟ್ಟು ಕೇಳಿದ್ದು. ಬೆಲ್ಲದ ಅಂಗಡಿ ತೋಟಪ್ಪ, "ಕೊಡ್ತೀನೋ ಮಾರಾಯ! ಅಕ್ಕಿ ಗಿರಣಿ ಮರಿಸ್ವಾಮಿ ಎಷ್ಟು ಕೊಡ್ತಾನ ಕೇಳ್ಕೊಂಡ್ ಬಾ, ಅದರ ಮ್ಯಾಲೆ ಒಂದ್ರುಪಾಯಿ ನಂದು" ಅಂದ. ಮರಿಸ್ವಾಮಿ, "ಮೊದ್ಲು ಆ ಬೆಲ್ಲದಾವ ಗಂಟು ಬಿಚ್ಲಿ, ಅವನ ಮ್ಯಾಲೆ ಎರಡು ನಂದು" ಅಂದ. ಅಂಗಡಿ ಎದುರುಬದುರು. ಅವೆರಡರ ನಡುವೆ ಎರಡು ತಿಂಗಳು ಓಡಾಡಿ ಮೂಕಣ್ಣನ ಚಪ್ಪಲಿ ಸವೆಯಿತು. ಸಾಹುಕಾರರಿಬ್ಬರೂ ಧರ್ಮಿಷ್ಠರೇ, ಮೊದಲನೆಯವನಾಗುವ ಧೈರ್ಯವೊಂದೇ ಇಬ್ಬರಿಗೂ ಇರಲಿಲ್ಲ.

ಮೊದಲ ಮೋಡ ಕಂಡ ದಿನ ಹೆಂಡತಿ ಜಂಬಕ್ಕ ಚುಚ್ಚಿದಳು: "ಮಂದಿ ಬೆಲ್ಲಕ್ಕ ವಲ್ಲಿ ಹೊದಸ್ತಿ, ಮಗಳ ಕಾಲಿಗೆ ಊರೆಲ್ಲ ಡಂಗುರ ಹೊಡಿತಿ. ಭಾಳ ಶ್ಯಾಣ್ಯಾ ದಲ್ಲಾಳಿ ನೀನು!"

ಮೂಕಣ್ಣ ಉಣ್ಣುತ್ತಿದ್ದವನು ಹಾಗೇ ಎದ್ದ. ತೋಟಪ್ಪನ ಮುಂದೆ ಕೂತು, ವಲ್ಲಿ ಹೊದಿಸಿ ಕೈ ಚಾಚಿದ.

"ಎಷ್ಟು ಪೆಂಟಿ ಬೆಲ್ಲ ಅದಾವೋ?"

"ಬೆಲ್ಲ ಅಲ್ರಿ ಸಾವ್ಕಾರ್ರ, ಕಾಲು. ಎರಡದಾವ."

ತೋಟಪ್ಪ ನಕ್ಕು, ವಲ್ಲಿಯೊಳಗೆ ಒಂದು ಬೆರಳು ಕೊಟ್ಟ. ಹತ್ತು ರೂಪಾಯಿ. ಮೂಕಣ್ಣ ಎದುರಿನ ಗಿರಣಿಯ ಕಡೆ ಒಮ್ಮೆ ನೋಡಿ ಸಣ್ಣಗೆ ಉಸಿರುಬಿಟ್ಟ. ಎರಡನೇ ಬೆರಳು ಬಂತು. ಮತ್ತೆ ಗಿರಣಿ ನೋಡಿದ.

"ಎಷ್ಟ್ ಕೊಟ್ನಲೇ ಅವ?"

"ವಲ್ಲಿ ಮಾತು ಹೊರಗ ಆಡಿದ್ರ ನಾಳೆ ನನ್ನ ಕೈಗೆ ಯಾರು ಬೆರಳು ಕೊಡ್ತಾರ್ರಿ?"

ಮೂರನೆಯದೂ ಬಂತು. ಗಿರಣಿಯಲ್ಲೂ ಅದೇ ವಲ್ಲಿ, ಅದೇ ಉಸಿರು. ನೋಟ ಮಾತ್ರ ಬೆಲ್ಲದಂಗಡಿಯ ಕಡೆಗೆ. ಅಲ್ಲೂ ಮೂರು; ತನ್ನ ಇಪ್ಪತ್ತು ಸೇರಿ ಎಂಬತ್ತು ಭರ್ತಿ. ಮೂಕಣ್ಣ ಒಂದು ಸುಳ್ಳೂ ಹೇಳಲಿಲ್ಲ. ಎದುರಿನ ಅಂಗಡಿ ನೋಡುವುದು ಯಾವ ಸರ್ಕಾರದಲ್ಲೂ ಅಪರಾಧವಲ್ಲ.

ದೀಪಾವಳಿಯ ಹೊತ್ತಿಗೆ ಹೊಳೆಮ್ಮ ಬೂಟು ಹಾಕಿಕೊಂಡು ಅಪ್ಪನ ಜೊತೆ ಪೇಟೆಗೆ ಬಂದಳು. ಅಷ್ಟು ದಿನ ನಿದ್ದೆಗೆಟ್ಟಿದ್ದ ತೋಟಪ್ಪ ಬೆಲ್ಲದ ಉಂಡೆ ಹಿಡಿದು, "ನಿಮ್ಮಪ್ಪ ಮನ್ಯಾಗ ಏನಾರ ಅಂದಾನೇನವ್ವಾ? ಗಿರಣಿಯಾವ ಎಷ್ಟು ಕೊಟ್ಟ?" ಎಂದು ಪಿಸುಗುಟ್ಟಿದ.

"ವಲ್ಲಿ ಹೊದಸ್ರಿ, ಹೇಳ್ತೀನಿ."

ತೋಟಪ್ಪ ಆಸೆಯಿಂದ ಉಂಡೆಯ ಸಮೇತ ಕೈಗೆ ವಲ್ಲಿ ಹೊದಿಸಿದ. ಹೊಳೆಮ್ಮ ಕೈ ತೂರಿಸಿದಳು, ಉಂಡೆ ಕಿತ್ತುಕೊಂಡಳು, ಹೊರಟೇಬಿಟ್ಟಳು. ಕಬ್ಬಿಣದ ಟಕಟಕ ಗಿರಣಿಯ ತನಕ ಕೇಳಿತು.

"ಲೇ ಮೂಕಣ್ಣ! ನಿನ್ ಮಗಳು ಓಡ್ತಾಳೋ!" ಎಂದು ತೋಟಪ್ಪ ಕೂಗಿದ.

ಮೂಕಣ್ಣ ವಲ್ಲಿಯಿಂದ ಮುಖ ಒರೆಸಿಕೊಂಡು ನಕ್ಕ.