ಅಕ್ಕನ ಮದುವೆಗೆ ಬಂದ ಬಿರುಗಾಳಿ

ನಾನು ಚಿಕ್ಕವನಿದ್ದಾಗ ‘ಬಿರುಗಾಳಿ’ ಎಂಬ ಮಾತು ನಮ್ಮ ಮನೆಯಲ್ಲಿ ದಿನಾ ಕೇಳುತ್ತಿತ್ತು. ಆಕಾಶ ನೋಡಿ ಆಡಿದ್ದಲ್ಲ, ಅಕ್ಕನನ್ನು ನೋಡಿ ಆಡಿದ್ದು. ಅವಳು ಬಾಗಿಲು ನೂಕಿದರೆ ಸಾಕು, “ಬಂತಪ್ಪ ಬಿರುಗಾಳಿ!” ಎನ್ನುತ್ತಿದ್ದಳು ಅಜ್ಜಿ. ಅಪ್ಪ ಸಿಟ್ಟಿನಿಂದ ಒಳಗೆ ಬಂದರೂ ಅದೇ ಮಾತು, ಮೆಲ್ಲಗೆ ಅಷ್ಟೆ. ಬಿರುಬಿಸಿಲು, ಬಿರುನುಡಿ, ಬಿರುಗಾಳಿ ಎಂದು ಮೇಷ್ಟ್ರು ಬೋರ್ಡಿನ ಮೇಲೆ ಬರೆದು, ‘ಬಿರು’ ಎಂದರೆ ಕಠಿಣ ಎಂದಿದ್ದರು. ರೇಡಿಯೊದವರು ಹೇಳುವ ಚಂಡಮಾರುತ ಸಮುದ್ರದ ಕಡೆಯದು. ನಮ್ಮ ಕೋಣನಕುಂಟೆಗೆ ಬರುತ್ತಿದ್ದುದು ಬಿರುಗಾಳಿಯೇ. ಅದು ಎಂಥದ್ದು ಎಂದು ನನಗೆ ಗೊತ್ತಾದದ್ದು ಅಕ್ಕನ ಮದುವೆಯ ಹಿಂದಿನ ದಿನ.

ಆಗ ಕೋಣನಕುಂಟೆ ಇನ್ನೂ ಹಳ್ಳಿ. ಮನೆ ಮುಂದೆ ತೆಂಗಿನ ಗರಿಯ ಚಪ್ಪರ ಹಾಕಿದ್ದರು. ನಡುವೆ ಹಾಲುಗಂಬ, ಎಂದರೆ ಹಾಲೆರೆದು, ಅರಿಶಿನ ಕುಂಕುಮ ಹಚ್ಚಿ ನೆಟ್ಟ ಹಸಿ ಮರದ ಕಂಬ. ಮದುವೆಗೆ ಮುಂಚೆ ಅದು ಬಿದ್ದರೆ ಅಪಶಕುನ. ಗಂಡಿನ ಕಡೆಯವರು ಮದುವೆಯೇ ಬೇಡ ಎಂದರೂ ಎದುರಾಡುವಂತಿರಲಿಲ್ಲ. ಅಕ್ಕನಿಗೋ ಆ ಹುಡುಗ ತುಂಬಾ ಹಿಡಿಸಿದ್ದ. ಅವಳಿಗೆ ಅರಿಶಿನ ಹಚ್ಚಿ ಒಳಗೆ ಕೂರಿಸಿದ್ದರು. ಇನ್ನು ಹೊಸಿಲು ದಾಟಬಾರದು ಎಂದು ಅಜ್ಜಿಯ ಕಟ್ಟಪ್ಪಣೆ.

ಮಧ್ಯಾಹ್ನ ಒಂದು ಎಲೆಯೂ ಅಲುಗಲಿಲ್ಲ. ಆಮೇಲೆ ನೋಡಿ, ಅಂಜನಾಪುರದ ಕಡೆಯಿಂದ ಕೆಂಪು ಧೂಳು ಗೋಡೆಯ ಹಾಗೆ ಎದ್ದು ಬಂತು! ಕಣ್ಣು, ಮೂಗು, ಬಾಯಿ ಎಲ್ಲ ಮಣ್ಣು. ನನಗೆ ಹೆದರಿಕೆಗಿಂತ ಸಂಭ್ರಮವೇ ಹೆಚ್ಚಾಗಿ ಅಂಗಳದಲ್ಲಿ ಕುಣಿದೆ. ಗರಿಗಳು ಪಟಪಟ ಹಾರಿದವು, ಬೊಂಬುಗಳು ಲಟಲಟ ಮುರಿದವು. ಗಂಡಸರೆಲ್ಲ ಚಪ್ಪರದ ಹಗ್ಗಕ್ಕೆ ಜೋತುಬಿದ್ದಿದ್ದರು. ಅಷ್ಟರಲ್ಲಿ ಹಾಲುಗಂಬ ವಾಲಿತು.

“ಕಂಬ! ಯಾರಾದ್ರೂ ಕಂಬ ಹಿಡೀರೋ!” ಅಪ್ಪ ಕಿರುಚಿದ. ಹಗ್ಗ ಬಿಟ್ಟು ಬರುವವರು ಯಾರು?

ಅಕ್ಕ ಹೊಸಿಲು ಹಾರಿ ಬಂದಳು.

“ಅಯ್ಯೋ, ದಾಟ್‌ಬೇಡ ಕಣೇ!” ಎಂದು ಅಜ್ಜಿ ಬಾಯಿ ಬಡಿದುಕೊಂಡಳು.

“ನನ್ ಮದ್ವೆ ಕಂಬ ಅಜ್ಜಿ, ನಾನೇ ಹಿಡ್ಕೊಂತೀನಿ!” ಎಂದು ಅಕ್ಕ ಅದನ್ನು ತಬ್ಬಿಕೊಂಡಳು. ನಾನು ಓಡಿಹೋಗಿ ಅವಳನ್ನು ತಬ್ಬಿಕೊಂಡೆ. ಮಳೆ ಸುರಿಯಿತು, ಆಲಿಕಲ್ಲು ತಲೆಗೆ ಟಪಟಪ ಬಡಿದವು. ಅವಳ ಅರಿಶಿನ ಕರಗಿ ನನ್ನ ಮೈಮೇಲೆಲ್ಲ ಇಳಿಯಿತು. ಸ್ವಲ್ಪ ಹೊತ್ತಿಗೆ ಇನ್ನೂ ಎರಡು ಕೈ ಕಂಬ ಹಿಡಿದವು. ನೋಡಿದರೆ ಅಜ್ಜಿ! ಬಾಯಲ್ಲಿ ಬೈಗುಳ ಮಾತ್ರ ನಿಂತಿರಲಿಲ್ಲ.

ಮಳೆ ನಿಂತಾಗ ಚಪ್ಪರದಲ್ಲಿ ಒಂದು ಗರಿಯೂ ಉಳಿದಿರಲಿಲ್ಲ. ಕಂಬ ನಿಂತಿತ್ತು. ಮರುದಿನ ಬಟಾಬಯಲಿನಲ್ಲಿ ಅಕ್ಕನ ಧಾರೆ ಆಯಿತು. ನನಗೆ ಎಷ್ಟು ಖುಷಿಯಾಗಿತ್ತೆಂದರೆ ಊಟವೇ ಸೇರಲಿಲ್ಲ.

ಈಗ ನೋಡಿ ಮಕ್ಕಳೇ, ನಿಮ್ಮ ಕಾಲದ ಚಂಡಮಾರುತಗಳಿಗೆ ಹೆಸರಿದೆ, ಬರುವ ಹೊತ್ತು ಫೋನಿನಲ್ಲಿ ತಿಳಿಯುತ್ತದೆ. ಕರೆಂಟು ಹೋದರೆ ಅಪಾರ್ಟ್‌ಮೆಂಟಿನ ಜನರೇಟರ್ ಇದೆ. ಕಿಟಕಿ ಹಾಕಿಕೊಂಡು ವಿಡಿಯೊ ಮಾಡುತ್ತೀರಿ. ತಪ್ಪೇನಿಲ್ಲ, ಯಾರ ತಲೆಗೂ ಆಲಿಕಲ್ಲು ಬೀಳುವುದಿಲ್ಲ. ಆದರೆ ಮೊನ್ನೆ ಗಾಳಿಗೆ ಬಾಲ್ಕನಿಯ ಟೊಮೆಟೊ ಕುಂಡ ಉರುಳಿದಾಗ, ನೀವಿಬ್ಬರೂ ಫೋನು ಬಿಸಾಕಿ ಮಳೆಗೆ ಓಡಿದಿರಲ್ಲ? “ಒಳಗ್ ಬನ್ರೋ!” ಎಂದು ಬೈಯಲು ನಾನು ಬಾಯಿ ತೆರೆದಿದ್ದೆ. ಬೈದುಕೊಂಡೇ ಎದ್ದು ಬಂದು ಕುಂಡದ ಇನ್ನೊಂದು ಬದಿ ಹಿಡಿದೆ.