ಅಂಗೈಯಲ್ಲಿ ತೂಗಿದ ಏಂಜೆಲ್ ಮೀನು

ಹಾರೋಹಳ್ಳಿಯಲ್ಲಿ ಆಗಷ್ಟೇ ಶುರುವಾಗಿದ್ದ ಕಾರ್ಖಾನೆಯೊಂದರ ಮೀನಿನ ತೊಟ್ಟಿಯನ್ನು ವಾರಕ್ಕೊಮ್ಮೆ ಹೋಗಿ ನೋಡಿಕೊಳ್ಳುವ ಕೆಲಸ ನನ್ನದು. ಅದರಲ್ಲಿದ್ದದ್ದು ಎರಡೇ ಏಂಜೆಲ್ ಮೀನು. ಮರಿಯಾಗದಿದ್ದರೆ ಬೇರೆಯವರನ್ನು ಕರೆಸುತ್ತೇನೆ ಎಂದು ಮ್ಯಾನೇಜರ್ ಗದರಿದ್ದರು. ಗಂಡು ಯಾವುದು, ಹೆಣ್ಣು ಯಾವುದು ಎಂದು ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದೆ.

ನೆಲ ಒರೆಸುತ್ತಿದ್ದ ಜಯಮ್ಮ ಹತ್ತಿರ ಬಂದರು. ಅವರು ಮೊದಲು ರಾಮನಗರದ ರೇಷ್ಮೆ ಬಿತ್ತನೆ ಕೋಠಿಯಲ್ಲಿ ರೇಷ್ಮೆಗೂಡುಗಳನ್ನು ತೂಗಿ ಗಂಡುಗೂಡು, ಹೆಣ್ಣುಗೂಡು ಬೇರೆ ಮಾಡುತ್ತಿದ್ದವರು.

"ಬರೀ ನೋಡುದ್ರೆ ಏನ್ ಗೊತ್ತಾಯ್ತದೆ ಸಾ? ತೂಗ್ಬೇಕು. ಹೆಣ್ಣು ಒಸಿ ಭಾರ."

ನನ್ನ ಕೈಲಿದ್ದ ಬಲೆ ಕಿತ್ತುಕೊಂಡು, ಒಂದೊಂದೇ ಮೀನನ್ನು ಒದ್ದೆ ಅಂಗೈಗೆ ಹಾಕಿಕೊಂಡು ತೂಗಿ, ವಾಪಸ್ ನೀರಿಗೆ ಬಿಟ್ಟರು.

"ಬಾಲ ಹರಿದೈತಲ್ಲ, ಅದೇ ಹೆಣ್ಣು. ಇನ್ನೊಂದು ಗಂಡು."

"ಬಾಲ ಹರಿದದ್ದರ ಹಣೆ ಉಬ್ಬಿದೆಯಲ್ಲಮ್ಮ, ಅದು ಗಂಡು. ಇನ್ನೊಂದೇ ಹೆಣ್ಣು" ಎಂದು ನಾನೂ ಹಟ ಹಿಡಿದೆ.

ಮುಂದಿನ ವಾರ ಹೋದಾಗ ಜಯಮ್ಮ ತೊಟ್ಟಿಯ ಮುಂದೆಯೇ ನಿಂತಿದ್ದರು. ನಾವು ನೋಡುತ್ತಿದ್ದಂತೆ ಬಾಲ ಹರಿದ ಮೀನು ಗಾಜಿಗೆ ಸಾಲಾಗಿ ಮೊಟ್ಟೆ ಅಂಟಿಸಿ ಸರಿಯಿತು. ಜಯಮ್ಮ ಗೆದ್ದರು ಅಂದುಕೊಳ್ಳುವಷ್ಟರಲ್ಲಿ ಇನ್ನೊಂದೂ ಬಂದು, ಅದರ ಪಕ್ಕದಲ್ಲೇ ಮೊಟ್ಟೆಯಿಟ್ಟಿತು.

"ಇಬ್ರೂ ಗೆದ್ದೋ ಬುಡಿ ಸಾ" ಎಂದರು ಜಯಮ್ಮ.

ನಿಜವೇ. ಹೆಣ್ಣಿನ ವಿಷಯದಲ್ಲಿ ಇಬ್ಬರೂ ಹೇಳಿದ್ದು ಸರಿಯಾಗಿಯೇ ಇತ್ತು. ಗಂಡು ಇದೆ ಅಂದುಕೊಂಡದ್ದೇ ತಪ್ಪು.